ಮೂಗಿಗೆ ಕೊಟ್ಟ ಬಾಡಿಗೆ

ಮಾರ್ಚ್ 4, ಮಂಗಳವಾರ

ಅಸಹ್ಯ. ಬೇರೆ ಶಬ್ದ ಹುಡುಕುವ ತಾಳ್ಮೆ ಇವತ್ತು ಇಲ್ಲ. ಅತ್ತೆ ಇರುವ ವೃದ್ಧಾಶ್ರಮದ ಬಾಗಿಲು ತಳ್ಳಿದ ಕೂಡಲೇ ಫಿನಾಯಿಲ್, ಮೂತ್ರ, ಬೇಯಿಸಿ ಬೇಯಿಸಿ ಸತ್ತ ತರಕಾರಿ, ಎಲ್ಲ ಕೂಡಿದ ವಾಸನೆ ಮುಖಕ್ಕೆ ರಾಚುತ್ತದೆ. ಮೂಗು ಮುಚ್ಚಿಕೊಂಡು ಬಾಯಲ್ಲಿ ಉಸಿರಾಡಿದರೆ ಅದನ್ನೇ ತಿಂದ ಹಾಗಾಗುತ್ತದೆ. ಕೂತಷ್ಟು ಹೊತ್ತು ಕೂತು ಮನೆಗೆ ಬಂದು ತಲೆಗೆ ಸ್ನಾನ ಮಾಡಿದೆ.

ಲಕ್ವ ಹೊಡೆದ ಮೇಲೆ ಅತ್ತೆಗೆ ಬಲಗೈ ಇಲ್ಲ, ಬಲಗಾಲಿಲ್ಲ, ಮಾತಿಲ್ಲ. ಮಾತಿಲ್ಲ ಎಂದರೆ ಒಂದೇ ಒಂದು ಉಳಿದಿದೆ: "ಥೂ". ಬೇರೆಯವರಿಗೆ ದೇವರ ಹೆಸರು ಉಳಿಯುತ್ತದೆ, ಮಕ್ಕಳ ಹೆಸರು ಉಳಿಯುತ್ತದೆ. ಇವರಿಗೆ ಉಳಿದದ್ದು ಇದು. ಊಟಕ್ಕೂ ಥೂ, ಡಾಕ್ಟರಿಗೂ ಥೂ, ಕಿಟಕಿಯಾಚೆಯ ಬಿಸಿಲಿಗೂ ಥೂ. ನನ್ನನ್ನು ಕಂಡರೆ ಎರಡು ಸಲ. ಮೊದಲಿಂದಲೂ ನಾಲಿಗೆ ಉದ್ದ. ಈಗ ಉಳಿದ ಮಾತೆಲ್ಲ ಉದುರಿ ಸಾರ ಮಾತ್ರ ನಿಂತಿದೆ ಎಂದುಕೊಳ್ಳುತ್ತೇನೆ.

ನನ್ನ ಗಂಡ ತೀರಿಕೊಂಡ ಮೇಲೂ ನಾವಿಬ್ಬರೂ ಒಂದೇ ಮನೆಯಲ್ಲಿ ಇದ್ದೆವು. ಪ್ರೀತಿಯಿಂದಲ್ಲ, ಇಬ್ಬರಿಗೂ ಹೋಗಲು ಬೇರೆ ಜಾಗ ಇರಲಿಲ್ಲ. ಬಚ್ಚಲಲ್ಲಿ ಬಿದ್ದ ಅವರನ್ನು ಎತ್ತಲು ಹೋಗಿ ನನ್ನ ಸೊಂಟವೂ ಹಿಡಿದುಕೊಂಡ ದಿನ ಆಶ್ರಮದ ಮಾತು ಬಂತು. ಅವರ ಪಿಂಚಣಿಗೆ ಸಿಗುವುದು ಇಂಥ ಆಶ್ರಮವೇ.

ಎಲ್ಲಕ್ಕಿಂತ ಅಸಹ್ಯವಾದದ್ದು ಮಂಚದ ಪಕ್ಕದ ಸ್ಟೂಲಿನ ಮೇಲಿರುವ ಜಾಮ್ ಬಾಟಲಿ. ಬಾಟಲಿಯಲ್ಲಿ ನೀರು, ನೀರಿನಲ್ಲಿ ಅತ್ತೆಯ ಹಲ್ಲಿನ ಸೆಟ್ಟು. ಹೊರಗೆ ಪ್ಲಾಸ್ಟರ್ ಪಟ್ಟಿ ಅಂಟಿಸಿ ಅತ್ತೆಯ ಹೆಸರು ಬರೆದಿದ್ದಾರೆ, ಕೆಳಗೆ ಸ್ಟ್ರಾಬೆರಿ ಚಿತ್ರ. ಬಂದವರೆಲ್ಲ ನೋಡಬೇಕು.

ಆ ಸೆಟ್ಟು ಮಾಡಿದವಳು ನಾನೇ. ಅದೇ ನನ್ನ ಕಸುಬು. ಡಾಕ್ಟರು ಬಾಯಿಂದ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಅದಕ್ಕೆ ಪ್ಲಾಸ್ಟರ್ ಎರೆದು, ಮೇಣದಲ್ಲಿ ಹಲ್ಲು ಜೋಡಿಸಿ ಸೆಟ್ಟು ಮಾಡಿ ಕೊಡುತ್ತೇನೆ. ಊರಿನ ಅರ್ಧ ಬಾಯಿ ನನಗೆ ಗೊತ್ತು, ಒಂದರೊಳಗೂ ಬೆರಳು ಹಾಕಿದವಳಲ್ಲ. ಜೊಲ್ಲು ಕಂಡರೆ ನನಗೆ ಆಗುವುದಿಲ್ಲ. ಅದಕ್ಕೇ ಡಾಕ್ಟರಾಗಲಿಲ್ಲ ಎಂದು ಹೇಳಿಕೊಳ್ಳಬಹುದು. ಓದಲಿಲ್ಲ ಎನ್ನುವುದು ಬೇರೆ ವಿಷಯ.

ಆ ಸೆಟ್ಟಿಗಾಗಿ ಅತ್ತೆ ನನ್ನ ಜೊತೆ ತಿಂಗಳುಗಟ್ಟಲೆ ಜಗಳ ಆಡಿದ್ದರು. ಮೇಲಿನ ಸಾಲಿನ ಎಡಗಡೆಯ ಒಂದು ಹಲ್ಲು ಪಕ್ಕದ್ದರ ಮೇಲೆ ಚೂರು ಹತ್ತಿ ಕೂತಿರಬೇಕು, ಅವರ ಹುಟ್ಟುಹಲ್ಲು ಹಾಗೇ ಇತ್ತಂತೆ. "ಸಾಲಾಗಿ ಇಟ್ರೆ ಅದು ನಿನ್ನ ಹಲ್ಲು, ನನ್ನದಲ್ಲ" ಎಂದಿದ್ದರು. ಬೇಕೆಂದೇ ನಾನು ಸೊಟ್ಟ ಕೂರಿಸಿದ ಹಲ್ಲು ಜನ್ಮದಲ್ಲಿ ಅದೊಂದೇ.

ಹೊರಡುವಾಗ ಅತ್ತೆ, ಚಹಾದಲ್ಲಿ ಅದ್ದಿ ಕಚ್ಚಿದ ಅರ್ಧ ಬಿಸ್ಕತ್ತನ್ನು ಎಡಗೈಯಲ್ಲಿ ನನ್ನ ಕಡೆ ಚಾಚಿದರು. ಎಂಜಲು ತೊಟ್ಟಿಕ್ಕುತ್ತಿತ್ತು. ನಾನು ರುಚಿ ನೋಡಿದ ಸೌಟನ್ನು ತೊಳೆಯದೆ ಮುಟ್ಟದಿದ್ದ ಹೆಂಗಸು ಇವರು. ಕಾಗದದಲ್ಲಿ ಹಿಡಿದು ಕಸದ ಬುಟ್ಟಿಗೆ ಹಾಕಿ, ಸೋಪು ಹಚ್ಚಿ ಹಚ್ಚಿ ಕೈ ತೊಳೆದೆ. ಹಿಂದಿನಿಂದ "ಥೂ" ಕೇಳಿಸಿತು.

ಮಾರ್ಚ್ 9, ಭಾನುವಾರ

ನಾದಿನಿ ಬಂದಿದ್ದಳು, ನನ್ನ ಗಂಡನ ತಂಗಿ. ಪರದೆ ಬಟ್ಟೆಯ ಅಂಗಡಿ ಇಟ್ಟುಕೊಂಡಿದ್ದಾಳೆ. ಹೋದ ವಾರ ಅಮ್ಮನನ್ನು ನೋಡಲು ಹೋಗಿದ್ದವಳು ಕೋಣೆಯೊಳಗೆ ಕಾಲಿಡದೆ ಬಾಗಿಲಲ್ಲೇ ನಿಂತು, ಅಮ್ಮಾ ಅಮ್ಮಾ ಎಂದು ಕರೆದು ವಾಪಸಾದಳಂತೆ. ಅಮ್ಮ ಥೂ ಎಂದದ್ದನ್ನು ಹೇಳಿ ಅತ್ತಳು. ನನಗೆ ಹೋದಾಗಲೆಲ್ಲ ಬೀಳುವುದು ಅವಳಿಗೆ ಒಂದು ಸಲ ಬಿದ್ದಿದೆ.

ಇನ್ನೊಂದು ಆಶ್ರಮ ನೋಡಿಟ್ಟಿದ್ದಾಳೆ. ಪಿಂಚಣಿಯ ಮೇಲೆ ಬೀಳುವ ಹೆಚ್ಚಿನ ದುಡ್ಡು ಅವಳದರ್ಧ ನನ್ನದರ್ಧ. "ಈಗಿರೋ ಕಡೆ ನಾಯಿನೂ ಇರಲ್ಲ ಅತ್ತಿಗೆ. ನಾಳೆ ಯಾರಾದ್ರೂ ನಿಮ್ಮಮ್ಮ ಎಲ್ಲಿದ್ದಾರೆ ಅಂದ್ರೆ ನಾನು ಏನು ಹೇಳ್ಲಿ?" ಅಮ್ಮ ಹೇಗಿದ್ದಾರೆ ಎಂದು ಕೇಳುವವರ ಭಯ ಅವಳಿಗಿಲ್ಲ, ಎಲ್ಲಿದ್ದಾರೆ ಎಂದು ಕೇಳುವವರ ಭಯ.

ಇಲ್ಲ ಎನ್ನಬೇಕೆಂದೇ ಬಾಯಿ ತೆರೆದೆ. ಆದರೆ ಬಾಯಿಂದ ಬಂದದ್ದು ಜಾಮ್ ಬಾಟಲಿಯ ಕತೆ. ಅವಳು ಕಣ್ಣು ಮುಚ್ಚಿಕೊಂಡು ಸಾಕು ಸಾಕು ಎಂದಳು. ನಮ್ಮಿಬ್ಬರಿಗೂ ಯಾವುದರಲ್ಲೂ ಒಮ್ಮತ ಬಂದದ್ದಿಲ್ಲ, ಅಂತೂ ಒಂದು ಬಾಟಲಿ ಒಂದು ಮಾಡಿತು.

ಮಾರ್ಚ್ 15, ಶನಿವಾರ

ಹೊಸ ಆಶ್ರಮ ನೋಡಿ ಬಂದೆವು. ಆಶ್ರಮ ಎನ್ನಬಾರದಂತೆ, 'ನಿವಾಸ' ಎನ್ನಬೇಕಂತೆ. ಬಾಗಿಲು ಅದಾಗಿಯೇ ತೆರೆದುಕೊಳ್ಳುತ್ತದೆ, ಒಳಗೆ ನಿಂಬೆಹಣ್ಣಿನ ಪರಿಮಳ. ನಾದಿನಿ ಬೇರೇನೂ ನೋಡುವ ಮೊದಲು ಪರದೆಯ ಅಂಚನ್ನು ಬೆರಳಲ್ಲಿ ಉಜ್ಜಿ, ಎರಡು ಪದರದ್ದು ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಮ್ಯಾನೇಜರ್ ಹೆಂಗಸಿಗೆ ನಾನು ಜೇನುಬಾಯಿ ಎಂದು ಹೆಸರಿಟ್ಟೆ. ಯಾವ ವಾಕ್ಯ ಹೊರಟರೂ 'ನಮ್ಮನೆಯವರ ಹಾಗೆ' ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಮೂತ್ರದ ಪಾತ್ರೆಗೂ ಮರದ ಬೀರು. ಊಟದ ಪಟ್ಟಿಯಲ್ಲಿ ಬಾದಾಮಿ, ಗೋಡಂಬಿ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುವುದನ್ನು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದ್ದಾರೆ ಎನ್ನಿಸಿತು.

ನನ್ನ ಕಸುಬೇ ಅದಲ್ಲವೇ, ಹಲ್ಲಿನ ಸೆಟ್ಟುಗಳನ್ನು ಏನು ಮಾಡುತ್ತೀರಿ ಎಂದು ಕೇಳಿದೆ. "ಸಂಜೆ ನಮ್ಮವರೇ ಎಲ್ಲಾರದ್ದೂ ತಗೊಂಡು ಹೋಗಿ ಮಷೀನಲ್ಲಿ ತೊಳೀತಾರೆ ಮೇಡಂ. ಬೆಳಗ್ಗೆ ಹಾಕಿಬಿಡ್ತಾರೆ. ನಿಮ್ಮ ಕಣ್ಣಿಗೆ ಒಂದೂ ಬೀಳಲ್ಲ." ಬಿಳಿ ಪಿಂಗಾಣಿ ಕಪ್ಪುಗಳನ್ನು ತೋರಿಸಿದಳು, ಎಲ್ಲ ಒಂದೇ ಥರ, ಮುಚ್ಚಳ ಸಮೇತ. ತುಂಬ ಚೆನ್ನಾಗಿದೆ ಎಂದೆ. ನಿಜವಾಗಿಯೂ ಚೆನ್ನಾಗಿತ್ತು.

ಹೊರಗೆ ಬಂದ ಮೇಲೆ ಎದೆ ತುಂಬ ಉಸಿರೆಳೆದುಕೊಂಡೆ. ಒಳಗೂ ಹಾಗೇ ಎಳೆದುಕೊಳ್ಳಬಹುದಿತ್ತು ಎಂಬುದು ಆಮೇಲೆ ನೆನಪಾಯಿತು. ನನ್ನ ಪಾಲಿನ ಹಣ ಎಲ್ಲಿಂದ ಬರುತ್ತದೋ ಗೊತ್ತಿಲ್ಲ.

ಮಾರ್ಚ್ 24, ಸೋಮವಾರ

ಗೊತ್ತಾಯಿತು. ಬಸ್ ನಿಲ್ದಾಣದ ಎದುರಿನ ದಿಢೀರ್ ಡಾಕ್ಟರ ಕೆಲಸ ಒಪ್ಪಿಕೊಂಡೆ. 'ಒಂದೇ ದಿನದಲ್ಲಿ ಹಲ್ಲು' ಎಂದು ಬೋರ್ಡು ಹಾಕಿಕೊಂಡ ಪುಣ್ಯಾತ್ಮ. ಹಿಂದೆ ಇವನನ್ನು ನನ್ನ ವರ್ಕ್‌ಶಾಪಿನ ಮೆಟ್ಟಿಲು ಹತ್ತಬೇಡ ಎಂದು ಕಳಿಸಿದ್ದೆ. ದೊಡ್ಡದು, ನಡುವಿನದು, ಚಿಕ್ಕದು ಎಂದು ಚಪ್ಪಲಿಯ ಹಾಗೆ ಅಳತೆ ಇಟ್ಟುಕೊಂಡಿದ್ದಾನೆ. ಕಚ್ಚಿಸಿ ನೋಡುವುದಿಲ್ಲ, ಅಂಚು ಉಜ್ಜುವುದಿಲ್ಲ. ಕೂತರೆ ಕೂರಲಿ, ಕೂರದಿದ್ದರೆ ವಸಡೇ ಸರಿ ಮಾಡಿಕೊಳ್ಳುತ್ತದೆ ಎನ್ನುತ್ತಾನೆ.

ಇವತ್ತು ರಾಶಿ ಸೆಟ್ಟು ಮಾಡಿದೆ. ಯಾರ ಬಾಯಿಗೂ ಅಲ್ಲದ ಹಲ್ಲು. ಮೇಜಿನ ಮೇಲೆ ಸಾಲಾಗಿ ಕೂತು ನನ್ನನ್ನೇ ನೋಡಿ ಹಲ್ಲು ಕಿರಿಯುತ್ತಿದ್ದವು. ಥೂ ಎನ್ನಬೇಕು ಅನ್ನಿಸಿತು. ಮನೆತನದ ಮಾತು.

ಏಪ್ರಿಲ್ 1, ಮಂಗಳವಾರ

ಅತ್ತೆಯನ್ನು ಸಾಗಿಸಿದೆವು. ಹಳೆಯ ಆಶ್ರಮದಲ್ಲಿ ಎಲ್ಲರನ್ನೂ ಗದರಿಸುತ್ತ ಓಡಾಡುವ ಆಯಾ ಒಬ್ಬಳಿದ್ದಾಳೆ, ಗುಡುಗಮ್ಮ ಎಂದೇ ಅವಳಿಗೆ ಹೆಸರು. ಮುದುಕಿಯರನ್ನು ಹಾಸಿಗೆ ಮಗುಚುವ ಹಾಗೆ ಮಗುಚುತ್ತಾಳೆ. ಅವಳೇ ಬಟ್ಟೆಬರೆ ಗಂಟು ಕಟ್ಟಿ ಕೊಟ್ಟಳು. ಗಾಡಿಯ ತನಕ ಬಂದು ಜಾಮ್ ಬಾಟಲಿಯನ್ನು ನನ್ನ ಮುಂದೆ ಹಿಡಿದಳು.

ಹಲ್ಲನ್ನು ಕಾಗದದಲ್ಲಿ ಸುತ್ತಿ ಕೊಡು, ಬಾಟಲಿ ಬೇಡ ಎಂದೆ. "ಬಾಟ್ಲಿ ಬೇಡ್ವಾ? ಸರಿ ಬಿಡಿ. ನಿಮ್ಮ ಹಲ್ಲು, ನಿಮ್ಮಿಷ್ಟ." ಬಾಟಲಿಯನ್ನು ನಾನೇ ಎರಡು ಬೆರಳಲ್ಲಿ ಹಿಡಿದು ಗೇಟಿನ ಪಕ್ಕದ ತೊಟ್ಟಿಗೆ ಹಾಕಿದೆ. ಒಡೆದ ಸದ್ದು ಕೇಳಿ ಮನಸ್ಸಿಗೆ ಹಾಯೆನಿಸಿತು.

ಗಾಡಿಯಲ್ಲಿ ಅತ್ತೆ ದಾರಿಯುದ್ದಕ್ಕೂ ಕಿಟಕಿಯ ಹೊರಗೇ ನೋಡುತ್ತಿದ್ದರು. ಹೊಸ ಕೋಣೆ, ಮೆತ್ತನೆಯ ಹಾಸಿಗೆ, ಎರಡು ಪದರದ ಪರದೆ, ಎಲ್ಲವನ್ನೂ ಸಾವಕಾಶವಾಗಿ ನೋಡಿ ಮುಗಿಸಿ "ಥೂ" ಎಂದರು. ಅವರಿಗೆ ಹೊಂದಿಕೊಳ್ಳಲು ಸ್ವಲ್ಪ ದಿನ ಬೇಕಾಗುತ್ತದೆ ಎಂದಳು ಜೇನುಬಾಯಿ. ಹೊಂದಿಕೊಳ್ಳುವ ಹೆಂಗಸಲ್ಲ ಎಂದು ನಾನು ಹೇಳಲಿಲ್ಲ.

ಏಪ್ರಿಲ್ 6, ಭಾನುವಾರ

ಕೊಟ್ಟ ದುಡ್ಡಿಗೆ ಮೋಸವಿಲ್ಲ. ಒಂದಿಷ್ಟೂ ವಾಸನೆ ಇಲ್ಲ. ಮನೆಗೆ ಬಂದು ಸ್ನಾನ ಮಾಡದೆ ಊಟಕ್ಕೆ ಕೂತೆ.

ಎದುರು ಕೋಣೆಯಲ್ಲಿ ಒಬ್ಬ ಮುದುಕರು, ದೊಡ್ಡ ಹುದ್ದೆಯಲ್ಲಿ ಇದ್ದವರಂತೆ. ನನ್ನನ್ನು ಕಂಡು ಅಗಲವಾಗಿ ನಕ್ಕರು. ಅಂಗೈಯಗಲದ ಚೌಕ ಹಲ್ಲುಗಳ ಸೆಟ್ಟು, ಸಿಗರೇಟಿನ ಹೊಗೆಗೆ ಬುಡವೆಲ್ಲ ಕಂದು. ಇಷ್ಟು ದುಡ್ಡು ಸುರಿಯುವವರು ಹಲ್ಲಿಗೆ ಒಂದು ಪಾಲಿಶ್ ಹಾಕಿಸಬಾರದೇ? ನೋಡಲಾಗಲಿಲ್ಲ.

ಪಕ್ಕದ ಕೋಣೆಯವರು ಶಾಲೆಯ ಹೆಡ್ ಮಿಸ್ಸಾಗಿದ್ದವರು. ಎಲ್ಲ ಮರೆತಿದ್ದಾರೆ, ಶಾಲೆ ಮಾತ್ರ ಬಿಟ್ಟಿಲ್ಲ. ತುಟಿ ಬಿಗಿದುಕೊಂಡು ನನ್ನನ್ನು ತಡೆದು, ಹೋಂವರ್ಕ್ ಎಲ್ಲಿ ಎಂದು ಕೇಳಿದರು. ತಂದಿಲ್ಲ ಎಂದೆ. ಹೊರಗೆ ನಿಲ್ಲಿಸಿದರು.

ಏಪ್ರಿಲ್ 12, ಶನಿವಾರ

ಎದುರು ಕೋಣೆಯ ಮುದುಕರು ಹೋಗಿಬಿಟ್ಟರಂತೆ. ಬೆಳಗ್ಗೆ ಹೋದವರು, ನಾನು ಹೋಗುವ ಹೊತ್ತಿಗೆ ಕೋಣೆಯಲ್ಲಿ ಹೊಸ ಹಾಸಿಗೆ, ಹೊಸ ಹೂದಾನಿ, ನಿಂಬೆಹಣ್ಣಿನ ಪರಿಮಳ. ಸತ್ತ ಸುಳಿವೇ ಇಲ್ಲ. ಅಚ್ಚುಕಟ್ಟು ಎಂದರೆ ಇದು.

ಏಪ್ರಿಲ್ 20, ಭಾನುವಾರ

ಅತ್ತೆ ಊಟ ಬಿಟ್ಟಿದ್ದಾರೆ. ಬಾಯಿಗಿಟ್ಟದ್ದನ್ನೆಲ್ಲ ಉಗುಳುತ್ತಾರೆ. ಇವತ್ತು ನನ್ನ ಎದುರಿಗೇ ಬೇಯಿಸಿದ ಸೇಬಿನ ತುಂಡು, ಅದರ ಹಿಂದೆ ಹಲ್ಲಿನ ಸೆಟ್ಟು, ಎರಡನ್ನೂ ಥೂ ಎಂದು ತಟ್ಟೆಗೆ ಕಾರಿದರು. ನಾನು ಗೋಡೆಯ ಕಡೆ ತಿರುಗಿಕೊಂಡೆ. ಇಸ್ತ್ರಿ ಮಾಡಿದ ಅಂಗಿಯ ನರ್ಸು ನಗುನಗುತ್ತಲೇ ಸೆಟ್ಟನ್ನು ತೊಳೆದು ಮತ್ತೆ ಬಾಯಿಗೆ ಒತ್ತಿದಳು. ಹಟ ಜಾಸ್ತಿ ಮೇಡಂ, ದಿನಾ ಹೀಗೇ ಎಂದಳು.

ಹಟ ಎಂದದ್ದು ಕೇಳಿ ನನಗೂ ಅತ್ತೆಯ ಮೇಲೆ ಸಿಟ್ಟು ಬಂತು. ಅತ್ತೆಯ ಪಕ್ಕ ಕೂತು ಹೇಳಿಯೇ ಬಿಟ್ಟೆ: "ನಿಮಗೋಸ್ಕರ ಆ ಬಸ್ ಸ್ಟ್ಯಾಂಡಿನವನ ಕೂಲಿ ಮಾಡ್ತಿದೀನಿ. ನೀವಿಲ್ಲಿ ಉಗುಳ್ತಾ ಕೂತ್ಕೊಳ್ಳಿ." ಅತ್ತೆ ನನ್ನ ಕೈ ಹಿಡಿದು ಬಾಯಿಯ ಕಡೆ ಎಳೆದರು. ಅದರ ಮೇಲೂ ಉಗುಳುತ್ತಾರೆ ಎಂದು ಕಿತ್ತುಕೊಂಡೆ.

ಏಪ್ರಿಲ್ 27, ಭಾನುವಾರ

ಹೋಗಲಿಲ್ಲ. ಸೊಂಟ ನೋವು. ಸೊಂಟ ನೋವು ಎಂದು ನಾದಿನಿಗೆ ಹೇಳಿದೆ.

ಮೇ 4, ಭಾನುವಾರ

ಅತ್ತೆ ಸೊರಗಿ ಕಡ್ಡಿಯಾಗಿದ್ದಾರೆ. ಕೆನ್ನೆ ಒಳಗೆ ಹೋಗಿದೆ. ನಿವಾಸದ ಡಾಕ್ಟರು ನಾಡಿ ಹಿಡಿದು, ವಯಸ್ಸಾಯಿತಲ್ಲ, ದೇಹವೇ ಬಾಗಿಲು ಮುಚ್ಚಿಕೊಳ್ಳುತ್ತಾ ಬರುತ್ತದೆ ಎಂದರು. ನಾದಿನಿ ಕಣ್ಣೊರೆಸಿಕೊಂಡು, ಹೋಗುವಾಗಲಾದರೂ ಒಳ್ಳೆಯ ಜಾಗದಲ್ಲಿದ್ದಾರಲ್ಲ ಎಂದಳು. ಎಲ್ಲರೂ ಮೆಲುದನಿಯಲ್ಲಿ ಮಾತಾಡುತ್ತಿದ್ದರು. ಅತ್ತೆ ಮಾತ್ರ ನನ್ನನ್ನೇ ನೋಡುತ್ತಿದ್ದರು. ಇವತ್ತು ಥೂ ಕೂಡ ಅನ್ನಲಿಲ್ಲ, ಅದೇ ನನಗೆ ಸರಿಬರಲಿಲ್ಲ.

ದಿಢೀರ್ ಡಾಕ್ಟರ ಹತ್ತಿರ ಸೆಟ್ಟು ಕಟ್ಟಿಸಿಕೊಂಡ ಲಾರಿ ಡ್ರೈವರೊಬ್ಬ ನಿನ್ನೆ ವಿಳಾಸ ಹುಡುಕಿಕೊಂಡು ನನ್ನ ವರ್ಕ್‌ಶಾಪಿಗೇ ಬಂದಿದ್ದ. ಸೆಟ್ಟನ್ನು ಮೇಜಿನ ಮೇಲೆ ಕುಕ್ಕಿದ, ರಕ್ತ ಮೆತ್ತಿತ್ತು. "ಅಕ್ಕಾ, ಇದನ್ನ ನೀವು ಹಾಕ್ಕೊಂಡು ಒಂದು ತುತ್ತು ತಿಂದು ತೋರಿಸಿ" ಎಂದ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅಂಚು ಉಜ್ಜಿ ಸರಿಮಾಡಿ ಕೊಟ್ಟೆ, ದುಡ್ಡು ಬೇಡ ಎಂದೆ. ಅವನು ಥ್ಯಾಂಕ್ಸ್ ಹೇಳಿದ್ದು ಇನ್ನೂ ಅಸಹ್ಯವಾಯಿತು.

ಮೇ 11, ಭಾನುವಾರ

ಬಂದವಳು ಸೀದಾ ಬರೆಯಲು ಕೂತಿದ್ದೇನೆ.

ಹಜಾರದಲ್ಲಿ ಹೆಡ್ ಮಿಸ್ಸು ಎಂದಿನಂತೆ ತಡೆದು ಹೋಂವರ್ಕ್ ಕೇಳಿದರು. ಜಗಳವೇ ಬೇಡವೆಂದು, ಮಾಡಿದ್ದೀನಿ ಮಿಸ್ ಎಂದೆ. ಬಿಗಿದ ತುಟಿ ಸಡಿಲವಾಗಿ ಮೊದಲ ಸಲ ನಕ್ಕರು. ನಗು ಅತ್ತೆಯದ್ದು. ಮೇಲಿನ ಸಾಲು, ಎಡಗಡೆ, ಪಕ್ಕದ್ದರ ಮೇಲೆ ಚೂರು ಹತ್ತಿ ಕೂತ ಹಲ್ಲು. ನನ್ನ ಕೈಕೆಲಸ ನನಗೆ ತಿಳಿಯದೆ ಇರುತ್ತದೆಯೇ?

ಅತ್ತೆಯ ಕೋಣೆಗೆ ಓಡಿದೆ. ಬಾಯಿ ತೆರೆಯಿರಿ ಎಂದರೆ ತೆರೆಯಲಿಲ್ಲ. ಕೆನ್ನೆ ಒತ್ತಿ ಬೆರಳು ತೂರಿಸಿ ಸೆಟ್ಟನ್ನು ಹೊರಗೆಳೆದೆ. ಅಗಲದ ಚೌಕ ಹಲ್ಲು. ಬುಡವೆಲ್ಲ ಕಂದು. ಎದುರು ಕೋಣೆಯ ಮುದುಕರದ್ದು. ಸತ್ತವರ ಹಲ್ಲನ್ನು ದಿನಾ ಬೆಳಗ್ಗೆ ನಗುನಗುತ್ತ ನನ್ನ ಅತ್ತೆಯ ಬಾಯಿಗೆ ಒತ್ತಿದ್ದಾರೆ. ವಸಡಿನ ಎರಡು ಕಡೆ ಚರ್ಮ ಕಿತ್ತು ಬಂದು ಬಿಳಿಯಾಗಿದೆ, ಒಂದು ಕಡೆ ಕೀವು. ನೀರು ಕುಡಿದರೂ ಉರಿಯುವಂಥ ಹುಣ್ಣು. ಅತ್ತೆ ನನ್ನ ಕೈಯಲ್ಲಿದ್ದ ಆ ಸೆಟ್ಟನ್ನು ನೋಡಿ ಥೂ ಎಂದರು. ನಾನೂ ಎಂದೆ. ಇಬ್ಬರೂ ಒಟ್ಟಿಗೆ.

ಇನ್ನು ಹೆಡ್ ಮಿಸ್ಸಿನ ಬಾಯಿ. ನರ್ಸಿಗೆ ತೆರೆಯಲಿಲ್ಲ, ಜೇನುಬಾಯಿಗೂ ತೆರೆಯಲಿಲ್ಲ. ನಾನು ಹೋಗಿ, ಮಿಸ್, ನನಗೆ 'ಆ' ಬರೆಯಲು ಬರುತ್ತದೆ, ಹೇಳಲು ಬರುವುದಿಲ್ಲ ಎಂದೆ. ಇಷ್ಟೂ ಬರಲ್ವಾ ಎಂದು ಬಾಯಿ ಅಗಲ ಮಾಡಿ "ಆ..." ಎಂದು ಹೇಳಿಕೊಟ್ಟರು. ಅಷ್ಟರಲ್ಲಿ ತೆಗೆದುಬಿಟ್ಟೆ. ಅವರ ಸ್ವಂತ ಸೆಟ್ಟು ಅವರದೇ ಸ್ವೆಟರ್ ಜೇಬಿನಲ್ಲಿ, ಚೀಪಿದ ಪೆಪ್ಪರಮೆಂಟಿನ ಜೊತೆ ಅಂಟಿಕೊಂಡು ಸಿಕ್ಕಿತು. ಮಕ್ಕಳು ಕದಿಯುತ್ತಾರೆ ಎಂದು ಬಚ್ಚಿಟ್ಟಿದ್ದರಂತೆ.

ಆದದ್ದು ಇಷ್ಟು. ಮುದುಕರು ಹೋದರು, ಅವರ ಸೆಟ್ಟು ತೊಳೆಯುವ ಕೋಣೆಯಲ್ಲೇ ಉಳಿಯಿತು. ಅದೇ ಹೊತ್ತಿಗೆ ಹೆಡ್ ಮಿಸ್ಸು ತಮ್ಮದನ್ನು ಬಚ್ಚಿಟ್ಟರು. ಒಂದು ಹೆಚ್ಚು, ಒಂದು ಕಡಿಮೆ. ತೊಳೆಯುವವರು ಯಾವುದು ಯಾರದ್ದೆಂದು ಅಂದಾಜಿನಲ್ಲಿ ಹಂಚಿದರು. "ಲೆಕ್ಕ ಸರಿಯಾಗೇ ಇತ್ತು ಮೇಡಂ, ಕಪ್ಪು ಎಷ್ಟೋ ಸೆಟ್ಟು ಅಷ್ಟೇ" ಎಂದಳು ಜೇನುಬಾಯಿ. ಕಪ್ಪಿನ ಮೇಲೆ ಹೆಸರು ಬರೆಯಲು ನಿಮಗೇನು ಧಾಡಿ ಎಂದು ಕೇಳಿದೆ. "ಹೆಸರು ಬರೆದ್ರೆ ಆಸ್ಪತ್ರೆ ಥರ ಕಾಣುತ್ತೆ ಅಂತ ಮನೆಯವರೇ ಬೇಡ ಅಂತಾರೆ ಮೇಡಂ. ನೋಡೋಕೆ ಚೆನ್ನಾಗಿರ್ಬೇಕು ಅಂತಾರೆ."

ಮೇಲೆ ಥಳುಕು ಒಳಗೆ ಹುಳುಕು ಎಂದು ಬೈದು ಬಂದೆ. ಆದರೆ ಹೆಸರು ಬರೆದ ಬಾಟಲಿಯನ್ನು ತೊಟ್ಟಿಗೆ ಹಾಕಿದವಳು ನಾನೇ.

ಮೇ 12, ಸೋಮವಾರ

ಅತ್ತೆಯ ವಸಡು ಕುಗ್ಗಿದೆ, ಹಳೆಯ ಸೆಟ್ಟು ಹಾಗೇ ಕೂರುವುದಿಲ್ಲ. ಒಳಪದರ ಹೊಸದಾಗಿ ಹಾಕಬೇಕು, ಅದಕ್ಕೆ ಅಚ್ಚು ಬೇಕು. ಅಚ್ಚು ತೆಗೆಯುವ ನಮ್ಮ ಡಾಕ್ಟರು ರಜೆಯ ಮೇಲೆ ಹೋಗಿದ್ದಾರೆ. ಸಾಮಾನು ತೆಗೆದುಕೊಂಡು ನಾನೇ ಹೋದೆ.

ಹುಣ್ಣಿಗೆ ಒತ್ತದಂತೆ ಅಚ್ಚಿನ ಹಿಟ್ಟನ್ನು ತೆಳುವಾಗಿ ಕಲಸಿದೆ. ನಾಲಿಗೆಯ ಕೆಳಗೆ ಬೆರಳಿಟ್ಟು, ಅಂಚು ಒತ್ತಿ, ಗಟ್ಟಿಯಾಗುವ ತನಕ ಹಿಡಿದುಕೊಂಡಿರಬೇಕು. ಜೊಲ್ಲು ಮುಂಗೈ ತನಕ ಇಳಿಯಿತು. ಅತ್ತೆಗೆ ಉಸಿರು ಕಟ್ಟಬಾರದೆಂದು ಮೂಗಿನಲ್ಲಿ ಉಸಿರಾಡಿ, ಮೂಗಿನಲ್ಲಿ ಎಂದು ಹೇಳುತ್ತಲೇ ಇದ್ದೆ. ಕೆಳಗಿನ ದವಡೆಯ ಒಳಗಡೆ, ಎಡಕ್ಕೆ, ಕಡಲೆಕಾಳಿನಷ್ಟು ಒಂದು ಎಲುಬಿನ ಗಂಟು ಬೆರಳಿಗೆ ಸಿಕ್ಕಿತು.

ಆ ಗಂಟು ನನಗ್ಗೊತ್ತು. ಮೊದಲು ಸೆಟ್ಟು ಮಾಡಿದಾಗ ಪ್ಲಾಸ್ಟರಿನ ಅಚ್ಚಿನಲ್ಲಿ ಅದೇ ಜಾಗದಲ್ಲಿ ಉಬ್ಬಿತ್ತು. ಅಚ್ಚಿನಲ್ಲಿ ಗಾಳಿ ಸೇರಿ ಹಾಗೆ ಗುಳ್ಳೆ ಬರುತ್ತಿರುತ್ತದೆ; ಇದೂ ಗುಳ್ಳೆಯೇ ಎಂದು ಚಾಕುವಿನಲ್ಲಿ ಕೆರೆದು ತೆಗೆದಿದ್ದೆ. ಇಲ್ಲಿ ಚುಚ್ಚುತ್ತೆ, ಇಲ್ಲಿ ಚುಚ್ಚುತ್ತೆ ಎಂದು ಅತ್ತೆ ಎಷ್ಟು ವರ್ಷ ಹೇಳಿದರೋ. ಚುಚ್ಚುವುದು ಅವರ ನಾಲಿಗೆ ಎಂದುಕೊಂಡಿದ್ದೆ.

ವರ್ಕ್‌ಶಾಪಿಗೆ ಬಂದು ಆ ಜಾಗದಲ್ಲಿ ಗುಳಿ ತೆಗೆದು ಮೆತ್ತನೆಯ ಪದರ ಹಾಕಿದೆ. ಪಾಲಿಶ್ ಮಾಡುವ ಮೇಜಿನ ಮೇಲೇ ಡಬ್ಬಿ ಬಿಚ್ಚಿ ಊಟ ಮಾಡಿದೆ, ಹಸಿವಾಗಿತ್ತು. ಸೊಟ್ಟ ಹಲ್ಲಿನ ತುದಿ ಸ್ವಲ್ಪ ಸವೆದಿದೆ. ಹಾಗೇ ಇರಲಿ ಎಂದು ಬಿಟ್ಟೆ.

ಮೇ 15, ಗುರುವಾರ

ದಿಢೀರ್ ಡಾಕ್ಟರಿಗೆ ಬೇರೆಯವರನ್ನು ನೋಡಿಕೋ ಎಂದು ಹೇಳಿ ಕಳಿಸಿದೆ.

ಸಂಜೆ ನಾದಿನಿಯ ಅಂಗಡಿಗೆ ಹೋದೆ. ವಿಷಯ ಹೇಳಿದಾಗ ಅವಳು ವಾಕರಿಸಿ ಪರದೆಯ ಥಾನುಗಳ ಹಿಂದೆ ಹೋಗಿ ನಿಂತಳು. ವಾಪಸ್ ಬಂದವಳು ಹೇಳಿದ್ದು, ಜೇನುಬಾಯಿ ಫೋನ್ ಮಾಡಿದ್ದಳು, ತುಂಬ ನೊಂದುಕೊಂಡಿದ್ದಾಳೆ, ತೋಟದ ಕಡೆಯ ದೊಡ್ಡ ಕೋಣೆ ಕೊಡುತ್ತಾಳಂತೆ, ಹೆಚ್ಚಿನ ದುಡ್ಡಿಲ್ಲದೆ. ಒಪ್ಪಿಕೊಳ್ಳೋಣ ಎಂದಳು.

ಹಳೆಯ ಆಶ್ರಮಕ್ಕೇ ಕರೆದುಕೊಂಡು ಹೋಗುತ್ತೇನೆ ಎಂದೆ. ಅವಳ ಮುಖ ನೋಡಬೇಕಿತ್ತು.

"ಆ ಗಲೀಜಿಗಾ? ಅತ್ತಿಗೆ, ಬಾಟಲಿ ನೋಡಿ ವಾಂತಿ ಬರುತ್ತೆ ಅಂದಿದ್ದು ನೀವೇ ಅಲ್ವಾ?"

"ನಾನೇ."

"ಮತ್ತೆ?"

"ಇಷ್ಟು ದಿನ ನಾವು ಕೊಟ್ಟಿದ್ದು ನಿಮ್ಮಮ್ಮನಿಗಲ್ಲ ಕಣೆ. ನಮ್ಮ ಮೂಗಿಗೆ ಬಾಡಿಗೆ ಕಟ್ಟಿದ್ವಿ. ಅವರು ಹಸ್ಕೊಂಡಿದ್ರು."

ನಾದಿನಿ ಒಂದು ಥಾನು ಬಿಚ್ಚಿ ಮತ್ತೆ ಸುತ್ತಿದಳು. ತನ್ನ ಪಾಲು ಇನ್ನು ಕೊಡುವುದಿಲ್ಲ ಎಂದಳು. ಬೇಡ, ಅಲ್ಲಿ ಪಿಂಚಣಿಯೇ ಸಾಕು ಎಂದೆ. ಜನ ಕೇಳಿದರೆ ಏನು ಹೇಳುವುದು ಎಂದಳು. ಅತ್ತಿಗೆಯ ಹಟ ಎಂದು ಹೇಳು, ಎಲ್ಲರೂ ನಂಬುತ್ತಾರೆ ಎಂದೆ.

ಮೇ 20, ಮಂಗಳವಾರ

ಹಳೆಯ ಆಶ್ರಮದಲ್ಲಿ ಮಂಚ ಖಾಲಿ ಇಲ್ಲವಂತೆ. ಗುಡುಗಮ್ಮನೇ ಫೋನ್ ಎತ್ತಿದ್ದಳು, ಬಿಟ್ಟು ಹೋದವರಿಗೆ ಕಾದಿಟ್ಟಿರೋಕೆ ಇದೇನು ಸಿನಿಮಾ ಸೀಟಾ ಎಂದು ಗದರಿದಳು. ಕಕ್ಕಸಿನ ಪಕ್ಕದ್ದು ತಿಂಗಳ ಕೊನೆಗೆ ಬಿಡುವಾಗುತ್ತದಂತೆ, ಯಾರೂ ಕೇಳುವುದಿಲ್ಲವಂತೆ. ನಾನು ಕೇಳುತ್ತೇನೆ ಎಂದೆ.

ಅಲ್ಲಿಯ ತನಕ ದಿನಾ ಸಂಜೆ ನಿವಾಸಕ್ಕೆ ಹೋಗಿ ನಾನೇ ಅತ್ತೆಯ ಸೆಟ್ಟು ತೆಗೆದು, ಉಜ್ಜಿ, ಡಬ್ಬಿಗೆ ಹಾಕಿ, ಡಬ್ಬಿಯನ್ನು ದಿಂಬಿನ ಕೆಳಗೆ ಇಟ್ಟು ಬರುತ್ತಿದ್ದೇನೆ. ಅಲ್ಲಿಡಬಾರದು ಮೇಡಂ ಎನ್ನುತ್ತಾರೆ. ಕೇಳಿಸದವಳ ಹಾಗೆ ಬರುತ್ತೇನೆ. ಹುಣ್ಣು ಮಾಗುತ್ತಿದೆ. ನಿನ್ನೆ ಬಾಳೆಹಣ್ಣು, ಇವತ್ತು ಬ್ರೆಡ್ಡಿನ ಅಂಚು. ಆ ನಿಂಬೆಹಣ್ಣಿನ ಪರಿಮಳಕ್ಕೆ ಇತ್ತೀಚೆಗೆ ತಲೆ ಸುತ್ತುತ್ತದೆ.

ಜೂನ್ 1, ಭಾನುವಾರ

ಅತ್ತೆ ಹಳೆಯ ಆಶ್ರಮಕ್ಕೆ ಬಂದರು. ನಾದಿನಿಯೂ ಬಂದಿದ್ದಳು, ಬರುವುದಿಲ್ಲ ಎಂದವಳು. ಬಾಗಿಲಲ್ಲೇ ಮುಖಕ್ಕೆ ಕರವಸ್ತ್ರ ಒತ್ತಿಕೊಂಡವಳು ಕೊನೆಯ ತನಕ ತೆಗೆಯಲಿಲ್ಲ. ಇವತ್ತು ಅಷ್ಟೇನೂ ವಾಸನೆ ಇರಲಿಲ್ಲ. ಭಾನುವಾರವೆಂದು ಚೆನ್ನಾಗಿ ತೊಳೆದಿರಬೇಕು. ನಾದಿನಿಯದು ಯಾವಾಗಲೂ ಸ್ವಲ್ಪ ಅತಿ. ಆದರೂ ಈ ಸಲ ಕೋಣೆಯೊಳಗೆ ಬಂದಳು, ಮಂಚದ ತುದಿಯಲ್ಲಿ ಕೂತಳು.

ಗೋಡೆಯ ಸುಣ್ಣ ಉದುರುತ್ತಿದೆ, ಹೊದಿಕೆ ತೂತು. ನಾಳೆ ಎರಡು ಹೊದಿಕೆ ತರಬೇಕು. ಗುಡುಗಮ್ಮ ಬಂದು ಅತ್ತೆಯನ್ನು ಒಂದೇ ಸಲಕ್ಕೆ ಎತ್ತಿ ದಿಂಬಿಗೆ ಆನಿಸಿ ಕೂರಿಸಿದಳು. ಅತ್ತೆ ಥೂ ಎಂದರು. "ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ, ನಿಮ್ಮತ್ತೆಗೆ ಈಗ್ಲೂ ಅವರದೇ ಕಾಲ" ಎಂದು ನನಗೆ ಹೇಳಿ, ಮೂಗು ಮುಚ್ಚಿಕೊಂಡಿದ್ದ ನಾದಿನಿಯನ್ನು ಪಕ್ಕಕ್ಕೆ ಸರಿ ಎಂದು ಗದರಿಸಿದಳು.

ಮನೆಯಿಂದ ತಂದಿದ್ದ ಜಾಮ್ ಬಾಟಲಿಯನ್ನು ಸ್ಟೂಲಿನ ಮೇಲೆ ಇಟ್ಟೆ. ಜಾಮ್ ಖಾಲಿ ಮಾಡಲು ಒಂದು ವಾರದಿಂದ ಬೆಳಗ್ಗೆ ಸಂಜೆ ಅದನ್ನೇ ತಿಂದಿದ್ದೇನೆ. ಪ್ಲಾಸ್ಟರ್ ಪಟ್ಟಿಯ ಮೇಲೆ ದಪ್ಪಕ್ಷರದಲ್ಲಿ ಹೆಸರು ಬರೆದೆ. ಈ ಸಲ ಕಿತ್ತಳೆಹಣ್ಣಿನ ಚಿತ್ರ.

ಚಹಾ ಬಂತು. ನೀರು ಚಹಾ, ಬಣ್ಣ ಮಾತ್ರ. ಅತ್ತೆ ಬಿಸ್ಕತ್ತನ್ನು ಅದ್ದದೆ, ಒಣದನ್ನೇ ಕಟಕ್ ಎಂದು ಕಚ್ಚಿದರು. ಆ ಸದ್ದಿಗೆ ನಾದಿನಿ ಕರವಸ್ತ್ರದ ಮೇಲಿನಿಂದ ನನ್ನನ್ನು ನೋಡಿದಳು. ಎರಡು ಬಿಸ್ಕತ್ತು ಮುಗಿಸಿ, ಮೂರನೆಯದನ್ನು ಅದ್ದಿ ಅರ್ಧ ಕಚ್ಚಿ, ಉಳಿದದ್ದನ್ನು ನನ್ನತ್ತ ಚಾಚಿದರು. ನಾನು ನಾದಿನಿಗೆ ಹೊದಿಕೆಯ ವಿಷಯ ಹೇಳುತ್ತಿದ್ದೆ; ಹೇಳುತ್ತಲೇ ಇಸಿದುಕೊಂಡು ತಿಂದೆ. ಮೆತ್ತಗಾಗಿತ್ತು, ಸಕ್ಕರೆ ಕಮ್ಮಿ. ಮುಂದಿನ ವಾರ ಬೇರೆ ಥರದ್ದು ತರಬೇಕು.

ತಿಂದು ಮುಗಿಸಿ ನೋಡಿದರೆ ಅತ್ತೆ ಕಣ್ಣು ಬಿಟ್ಟು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಇನ್ನೂ ಚಾಚಿಯೇ ಇದ್ದ ಎಡಗೈಯ ಬೆರಳು ಮಂಚದ ಕೆಳಗಿನ ಕಸದ ಬುಟ್ಟಿಯನ್ನು ತೋರಿಸುತ್ತಿತ್ತು.

"ಥೂ" ಎಂದು, ಸೊಟ್ಟ ಹಲ್ಲು ಕಾಣುವ ಹಾಗೆ ನಕ್ಕರು.